ಪದವಿ ತರಗತಿಯ ವಿಜ್ಞಾನ ಪಾಠ ಬದಲಾಗಲು ಏನು ಬೇಕು?

ನಾಲ್ಕು ವರ್ಷದ ಬಿ.ಎಸ್ಸಿ. ಬಿ.ಎಡ್. ಓದುತ್ತಿರುವ ನಮ್ಮಂಥವರ ದಿನ ಎರಡು ಬಗೆಯ ತರಗತಿಗಳಲ್ಲಿ ಕಳೆಯುತ್ತದೆ. ಬೆಳಿಗ್ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಮಧ್ಯಾಹ್ನ ಶಿಕ್ಷಣಶಾಸ್ತ್ರ. ಕಲಿಯುವವರು ಜ್ಞಾನವನ್ನು ತಾವೇ ಕಟ್ಟಿಕೊಳ್ಳುತ್ತಾರೆ, ಪಾಠ ಅವರ ಪೂರ್ವಜ್ಞಾನದಿಂದ ಆರಂಭವಾಗಬೇಕು ಎಂದು ಮಧ್ಯಾಹ್ನ ಬರೆದುಕೊಳ್ಳುತ್ತೇವೆ. ಬೆಳಿಗ್ಗೆ ಬೋರ್ಡಿನ ಮೇಲೆ ಬಂದದ್ದನ್ನೆಲ್ಲ ಬರೆದುಕೊಳ್ಳುತ್ತೇವೆ. ಎರಡೂ ಕಡೆ ನಾವು ಮಾಡುವುದು ಬರೆದುಕೊಳ್ಳುವುದನ್ನೇ ಎಂಬುದು ಬೇರೆ ಮಾತು.

ಇದು ನಮ್ಮ ಉಪನ್ಯಾಸಕರ ಮೇಲಿನ ದೂರಲ್ಲ. ಅವರ ವಿಷಯಜ್ಞಾನ ಗಟ್ಟಿಯಾದದ್ದು. ಆದರೆ ಪದವಿ ಕಾಲೇಜಿನಲ್ಲಿ ವಿಜ್ಞಾನ ಕಲಿಸಲು ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಕೇಳುತ್ತಾರೆಯೇ ಹೊರತು ಬಿ.ಎಡ್. ಕೇಳುವುದಿಲ್ಲ. ಕೆ-ಸೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಪ್ರಶ್ನೆಗಳಿವೆ ನಿಜ. ಅವೂ ನಾಲ್ಕರಲ್ಲಿ ಒಂದನ್ನು ಆರಿಸುವಂಥವು. ಒಂಬತ್ತನೇ ತರಗತಿಗೆ 40 ನಿಮಿಷ ಪಾಠ ಮಾಡಲು ನಾವು ಪಾಠಯೋಜನೆ ಬರೆದು, ಮಾರ್ಗದರ್ಶಕರ ಸಹಿ ಹಾಕಿಸಿ, ಹಿಂದಿನ ಬೆಂಚಿನಲ್ಲಿ ಕೂತ ವೀಕ್ಷಕರ ಎದುರು ನಿಲ್ಲುತ್ತೇವೆ. ನಮಗೆ ಪದವಿ ವಿಜ್ಞಾನ ಕಲಿಸುವವರಿಗೆ ಆ ಅವಕಾಶವನ್ನು ಯಾರೂ ಕೊಟ್ಟಿಲ್ಲ. ಅವಕಾಶ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ.

ಈ ವಿಷಯ ಬೋಧನಾಭ್ಯಾಸದ ಪತ್ರಿಕೆಗೆ ಏಕೆ ಬೇಕು ಎಂದು ಕೇಳಬಹುದು. ಕಾರಣ ನನಗೆ ಕಂಡದ್ದು ಅಭ್ಯಾಸದ ಶಾಲೆಯಲ್ಲಿ. ‘ಬಲ ಮತ್ತು ಚಲನೆಯ ನಿಯಮಗಳು’ ಘಟಕ ನನ್ನ ಪಾಲಿಗೆ ಬಂದಿತ್ತು. ಮೇಲಕ್ಕೆ ಎಸೆದ ಚೆಂಡು ಕೈಯಿಂದ ಬಿಟ್ಟುಹೋದ ಮೇಲೆ, ಇನ್ನೂ ಏರುತ್ತಿರುವಾಗ, ಅದರ ಮೇಲೆ ಯಾವ ಯಾವ ಬಲಗಳಿವೆ ಎಂದು ಕೇಳಿದೆ. “ನಾವು ಕೊಟ್ಟ ಬಲ ಇನ್ನೂ ಅದರೊಳಗೆ ಇರುತ್ತೆ ಟೀಚರ್, ಅದು ಮುಗಿದ ಮೇಲೆ ಕೆಳಗೆ ಬೀಳುತ್ತೆ” ಎಂದರು ಮಕ್ಕಳು. ಅದೇ ವಾರ ಹಾಸ್ಟೆಲ್‌ನಲ್ಲಿ ಮೊದಲ ವರ್ಷದ ಬಿ.ಎಸ್ಸಿ. ಹುಡುಗಿಯರಿಗೆ ಅದೇ ಪ್ರಶ್ನೆ ಹಾಕಿದೆ. ಉತ್ತರವೂ ಅದೇ, ಇಂಗ್ಲಿಷ್ ಪದಗಳು ಸ್ವಲ್ಪ ಹೆಚ್ಚು ಅಷ್ಟೆ. ಆ ಚೆಂಡು ಎಷ್ಟು ಎತ್ತರಕ್ಕೆ ಹೋಗುತ್ತದೆ, ಎಷ್ಟು ಸೆಕೆಂಡಿಗೆ ಕೈಗೆ ಮರಳುತ್ತದೆ ಎಂದು ಕೇಳಿದ್ದರೆ ಎಲ್ಲರೂ ಸಮೀಕರಣ ಬರೆದು ಬಿಡಿಸುತ್ತಿದ್ದರು. ಇವರಲ್ಲಿ ಕೆಲವರು ಮೂರು ನಾಲ್ಕು ವರ್ಷದಲ್ಲಿ ಒಂಬತ್ತನೇ ತರಗತಿಯ ಮುಂದೆ ನಿಲ್ಲುವವರು. ಬಿ.ಎಡ್. ತರಗತಿಯಲ್ಲಿ ಎಷ್ಟೇ ವಿಧಾನ ಕಲಿತರೂ, ಪದವಿಯಲ್ಲಿ ಕದಲದೆ ಉಳಿದ ತಪ್ಪು ಕಲ್ಪನೆ ನಮ್ಮ ಜೊತೆಗೇ ಶಾಲೆಗೆ ಬರುತ್ತದೆ.

ಈ ಬಗೆಯ ಅಂತರ ಎಲ್ಲ ಕಡೆಯೂ ಇದೆ, ಅದನ್ನು ಅಳೆದೂ ಆಗಿದೆ. ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು 1992ರಲ್ಲಿ ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಲೆಕ್ಕವಿಲ್ಲ, ಸೂತ್ರವಿಲ್ಲ. ದಿನಬಳಕೆಯ ಮಾತಿನಲ್ಲಿ ಬಲ ಮತ್ತು ಚಲನೆಯ ಪ್ರಶ್ನೆಗಳು, ತಪ್ಪು ಆಯ್ಕೆಗಳೆಲ್ಲ ವಿದ್ಯಾರ್ಥಿಗಳು ನಿಜವಾಗಿ ಹೇಳುವ ಮಾತುಗಳೇ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳಿಗೆ ಇಂಥ ಪರೀಕ್ಷೆ ಕೊಟ್ಟಾಗ ಒಬ್ಬಾಕೆ, ನೀವು ಕಲಿಸಿದ ಪ್ರಕಾರ ಉತ್ತರಿಸಬೇಕೋ ನನಗೆ ಅನ್ನಿಸುವ ಪ್ರಕಾರವೋ ಎಂದು ಕೇಳಿದಳಂತೆ. ಮಜೂರ್ ತಮ್ಮ ಬೋಧನೆಯನ್ನೇ ಬದಲಿಸಿದರು. ಸ್ವಲ್ಪ ಹೊತ್ತು ವಿವರಣೆ, ಆಮೇಲೆ ಒಂದು ಪರಿಕಲ್ಪನೆಯ ಪ್ರಶ್ನೆ. ಮೊದಲು ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ತೋರಿಸಬೇಕು. ಉತ್ತರಗಳು ಹಂಚಿಹೋಗಿದ್ದರೆ ಪಕ್ಕದವರನ್ನು ಒಪ್ಪಿಸಲು ಯತ್ನಿಸಬೇಕು, ಮತ್ತೆ ಉತ್ತರ ತೋರಿಸಬೇಕು. ಕೊನೆಗೆ ವಿವರಣೆ. ಇದಕ್ಕೆ ಪಿಯರ್ ಇನ್‌ಸ್ಟ್ರಕ್ಷನ್ ಎಂದು ಹೆಸರು; ನಾವು ಸಹಪಾಠಿ ಬೋಧನೆ ಎನ್ನಬಹುದು.

ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ ಸುಮಾರು 6,500 ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟುಮಾಡಿದರು. ಅವರು ಬಳಸಿದ ಅಳತೆ ಸರಳ. ಆರಂಭದಲ್ಲಿ ನೂರಕ್ಕೆ 40 ಬಂದ ತರಗತಿಗೆ ಗಳಿಸಲು ಇನ್ನು 60 ಬಾಕಿ ಇದೆ. ಕೊನೆಯಲ್ಲಿ 55 ಬಂದರೆ ಆ 60ರಲ್ಲಿ 15 ಗಳಿಸಿದಂತಾಯಿತು, ಅಂದರೆ 0.25. ಸಾಂಪ್ರದಾಯಿಕ ಉಪನ್ಯಾಸದ ಕೋರ್ಸುಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳನ್ನು ತೊಡಗಿಸಿದ ಕೋರ್ಸುಗಳದ್ದು 0.48. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಸೇರಿಸಿ 225 ಅಧ್ಯಯನಗಳನ್ನು ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರ ಪ್ರಮಾಣ ಶೇಕಡ 33.8, ಸಕ್ರಿಯ ಕಲಿಕೆಯ ತರಗತಿಗಳಲ್ಲಿ 21.8 ಇತ್ತು.

ಇಷ್ಟಾದ ಮೇಲೆ ಎಲ್ಲರೂ ಬದಲಾಗಿರಬೇಕಲ್ಲ? ಆಗಿಲ್ಲ. ಉತ್ತರ ಅಮೆರಿಕದ 25 ಸಂಸ್ಥೆಗಳ 2,008 ತರಗತಿಗಳನ್ನು ವೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡ 55ರಷ್ಟು, ಬಹುಪಾಲು ಉಪನ್ಯಾಸವೇ ಆಗಿದ್ದವು. ಅದೂ ಈ ಸಂಶೋಧನೆಗಳೆಲ್ಲ ನಡೆದ ನೆಲದಲ್ಲಿ.

ಎಲ್ಲಿ ಕೈಬಿಡುತ್ತಾರೆ?

ಚಾರ್ಲ್ಸ್ ಹೆಂಡರ್ಸನ್, ಮೆಲಿಸ್ಸಾ ಡ್ಯಾನ್ಸಿ ಮತ್ತು ಸಂಗಡಿಗರು ಅಮೆರಿಕದ 722 ಭೌತಶಾಸ್ತ್ರ ಅಧ್ಯಾಪಕರನ್ನು ವಿಚಾರಿಸಿ 2012ರಲ್ಲಿ ಬರೆದ ಲೇಖನ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸಿತು. ಹೊಸ ಬೋಧನಾ ವಿಧಾನಗಳ ಬಗ್ಗೆ ಕೇಳಿಯೇ ಇಲ್ಲ ಎಂದವರು ಬಹಳ ಕಡಿಮೆ. ಸುಮಾರು ಹತ್ತರಲ್ಲಿ ಒಂಬತ್ತು ಜನಕ್ಕೆ ಒಂದಾದರೂ ವಿಧಾನ ಗೊತ್ತಿತ್ತು. ಆದರೆ ಬಳಸಿ ನೋಡಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಬಿಟ್ಟುಬಿಟ್ಟಿದ್ದರು. ಗೊತ್ತಿಲ್ಲದಿರುವುದು ಅಲ್ಲಿ ತೊಡಕಾಗಿರಲಿಲ್ಲ. ತೊಡಕು ಬಂದದ್ದು ಮೊದಲ ಸಲ ಪ್ರಯತ್ನಿಸಿದ ನಂತರ.

ಹೆಂಡರ್ಸನ್ ಮತ್ತು ಇನ್ನಿಬ್ಬರು 2011ರಲ್ಲಿ ಮಾಡಿದ ಇನ್ನೊಂದು ಸಮೀಕ್ಷೆಯಲ್ಲಿ, ಅಧ್ಯಾಪಕರನ್ನು ಬದಲಾಯಿಸಲು ಹೆಚ್ಚಾಗಿ ಬಳಸುವ ಎರಡು ದಾರಿಗಳೂ ಸಾಮಾನ್ಯವಾಗಿ ಫಲ ಕೊಡುವುದಿಲ್ಲ ಎಂದು ತೋರಿಸಿದ್ದಾರೆ. ಒಂದು, ಒಳ್ಳೆಯ ಸಾಮಗ್ರಿ ತಯಾರಿಸಿ ‘ಇದನ್ನು ಬಳಸಿ’ ಎಂದು ಹಂಚುವುದು. ಇನ್ನೊಂದು, ಮೇಲಿನಿಂದ ಆದೇಶ ಹೊರಡಿಸುವುದು. ಫಲ ಕೊಟ್ಟವು ಕನಿಷ್ಠ ಒಂದು ಸೆಮಿಸ್ಟರಾದರೂ ಮುಂದುವರಿದ, ಅಧ್ಯಾಪಕರ ನಂಬಿಕೆಗಳನ್ನು ಎದುರಿಗಿಟ್ಟು ಮಾತಾಡಿದ, ಕಾಲೇಜಿನ ವ್ಯವಸ್ಥೆಯನ್ನೂ ಗಣನೆಗೆ ತೆಗೆದುಕೊಂಡ ಪ್ರಯತ್ನಗಳು.

ಇದನ್ನು ಓದುವಾಗ ನಮ್ಮ ಪುನಶ್ಚೇತನ ಶಿಬಿರಗಳು ಕಣ್ಣಮುಂದೆ ಬಂದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಹೆಸರು ಬದಲಾಗುತ್ತ ಬಂದರೂ ಕೆಲವು ವಾರಗಳ ಓರಿಯಂಟೇಶನ್, ರಿಫ್ರೆಷರ್ ಕೋರ್ಸುಗಳು ಇಂದಿಗೂ ಇವೆ, ಬಡ್ತಿಗೆ ಅವು ಬೇಕು. ಅವುಗಳಿಂದ ಉಪಯೋಗವಿಲ್ಲ ಎನ್ನಲಾರೆ. ಆದರೆ ಶಿಬಿರ ಮುಗಿಸಿ ಪ್ರಮಾಣಪತ್ರದೊಂದಿಗೆ ಕಾಲೇಜಿಗೆ ಮರಳಿದ ಉಪನ್ಯಾಸಕರು, ಸೋಮವಾರ ಬೆಳಿಗ್ಗೆ ಮೊದಲ ಪ್ರಯತ್ನ ಮಾಡಿ ತರಗತಿ ಗಲಿಬಿಲಿಯಾದಾಗ, ಯಾರನ್ನು ಕೇಳಬೇಕು? ಪುಣೆಯ ಐಸರ್ ಬ್ರಿಟನ್ನಿನ ಶೆಫೀಲ್ಡ್ ಹಾಲಮ್ ವಿಶ್ವವಿದ್ಯಾಲಯದೊಂದಿಗೆ ಸೇರಿ ಕಾಲೇಜು ವಿಜ್ಞಾನ ಅಧ್ಯಾಪಕರಿಗೆ ಸಂಶೋಧನಾಧಾರಿತ ಬೋಧನಾ ಸಾಧನಗಳ ಕಾರ್ಯಾಗಾರಗಳನ್ನು ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ನಡೆಸಿದ್ದು ಈ ದೃಷ್ಟಿಯಿಂದ ಒಳ್ಳೆಯ ಹೆಜ್ಜೆ.

ವಿಭಾಗದೊಳಗೇ ಒಬ್ಬ ಜೊತೆಗಾರ

ಮೊದಲ ಪ್ರಯತ್ನದ ನಂತರ ಕೈಹಿಡಿಯುವವರು ಯಾರು ಎಂಬ ಪ್ರಶ್ನೆಗೆ ದೊಡ್ಡ ಪ್ರಮಾಣದಲ್ಲಿ ಉತ್ತರ ಹುಡುಕಿದವರು ಕಾರ್ಲ್ ವೀಮನ್. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು. ನಮ್ಮ ಸತ್ಯೇಂದ್ರನಾಥ ಬೋಸ್ ಅವರ ಹೆಸರಿರುವ ಬೋಸ್–ಐನ್‌ಸ್ಟೈನ್ ಸಾಂದ್ರೀಕರಣವನ್ನು ಪ್ರಯೋಗಾಲಯದಲ್ಲಿ ಸಾಧಿಸಿದ್ದಕ್ಕೆ ಸಂದ ಪ್ರಶಸ್ತಿ ಅದು. ಆಮೇಲೆ ಅವರು ಕೊಲರಾಡೊ ವಿಶ್ವವಿದ್ಯಾಲಯದಲ್ಲಿ, 2007ರಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಬೋಧನೆಯನ್ನು ಬದಲಾಯಿಸುವ ಯೋಜನೆ ನಡೆಸಿದರು. ಅಲ್ಲಿ ಹಣ ಹೋದದ್ದು ಉತ್ಸಾಹಿ ಅಧ್ಯಾಪಕ ಒಬ್ಬೊಬ್ಬರಿಗಲ್ಲ, ಇಡೀ ವಿಭಾಗಕ್ಕೆ. ವಿಭಾಗಗಳು ಅರ್ಜಿ ಹಾಕಿ ಪಡೆಯಬೇಕಿತ್ತು.

ಆ ಹಣದಲ್ಲಿ ಮುಖ್ಯವಾಗಿ ನೇಮಿಸಿಕೊಂಡದ್ದು ವಿಜ್ಞಾನ ಶಿಕ್ಷಣ ತಜ್ಞರನ್ನು. ಬಹುಪಾಲು ಅದೇ ವಿಷಯದಲ್ಲಿ ಆಗಷ್ಟೇ ಪಿಎಚ್.ಡಿ. ಮುಗಿಸಿದ ಯುವಕ ಯುವತಿಯರು. ಅವರಿಗೆ ಕಲಿಕೆಯ ಸಂಶೋಧನೆಯಲ್ಲಿ ತರಬೇತಿ ಕೊಟ್ಟು ವಿಭಾಗದೊಳಗೇ ಕೂರಿಸಿದರು. ಒಂದು ಕೋರ್ಸು, ಅದನ್ನು ಕಲಿಸುವ ಅಧ್ಯಾಪಕರು, ಅವರ ಜೊತೆಗೆ ಈ ತಜ್ಞರು. ಮೂರು ಪ್ರಶ್ನೆಗಳ ಸುತ್ತ ಕೆಲಸ: ಕೋರ್ಸು ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು? ಈಗ ನಿಜವಾಗಿ ಏನು ಬರುತ್ತಿದೆ? ಯಾವ ಬೋಧನೆ ಅದನ್ನು ಉತ್ತಮಪಡಿಸುತ್ತದೆ?

ಇದರಲ್ಲಿ ನನಗೆ ಹಿಡಿಸಿದ್ದು ತಜ್ಞರ ಸ್ಥಾನ. ಅವರು ಮೇಲಧಿಕಾರಿಗಳಲ್ಲ, ಅಂಕ ಹಾಕುವವರಲ್ಲ. ಕೋರ್ಸು ಅಧ್ಯಾಪಕರದ್ದೇ. ಭೌತಶಾಸ್ತ್ರ ವಿಭಾಗಕ್ಕೆ ಭೌತಶಾಸ್ತ್ರ ಓದಿದವರೇ ಬಂದದ್ದರಿಂದ, ಶಿಕ್ಷಣಶಾಸ್ತ್ರದವರಿಗೆ ನಮ್ಮ ವಿಷಯ ಏನು ಗೊತ್ತು ಎಂಬ ಮಾತು ಏಳುವುದಿಲ್ಲ. ಈ ಮಾತು ನಮ್ಮ ಕಾಲೇಜುಗಳಲ್ಲೂ ಎಷ್ಟು ಸಲ ಕೇಳಿಬರುತ್ತದೆ ಎಂಬುದನ್ನು ಓದುಗರಿಗೆ ಹೇಳಬೇಕಿಲ್ಲ.

ಅದೇ ವಿಶ್ವವಿದ್ಯಾಲಯದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎರಡು ದೊಡ್ಡ ಭೌತಶಾಸ್ತ್ರ ತರಗತಿಗಳು. ಒಂದು ವಾರ ವಿದ್ಯುತ್ಕಾಂತೀಯ ಅಲೆಗಳ ಪಾಠ. ಒಂದು ತರಗತಿಗೆ ಅನುಭವಿ, ವಿದ್ಯಾರ್ಥಿಗಳು ಮೆಚ್ಚಿದ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದಕ್ಕೆ ಬೋಧನಾನುಭವ ಕಡಿಮೆಯಿದ್ದರೂ ಸಂಶೋಧನಾಧಾರಿತ ವಿಧಾನದಲ್ಲಿ ತರಬೇತಿ ಪಡೆದ ಯುವ ಸಂಶೋಧಕರ ಪಾಠ. ಕೊನೆಯ ಕಿರುಪರೀಕ್ಷೆಯಲ್ಲಿ ಮೊದಲ ತರಗತಿಯ ಸರಾಸರಿ ಶೇಕಡ 41, ಎರಡನೆಯದರದ್ದು 74. ಒಂದೇ ವಾರದ ಪ್ರಯೋಗ, ಅದಕ್ಕಿಂತ ಹೆಚ್ಚಿನ ಅರ್ಥ ಹಚ್ಚಬಾರದು. ಆದರೂ ಅನುಭವವಿಲ್ಲ ಎಂದು ಪ್ರತಿ ಪಾಠಕ್ಕೂ ಮೊದಲು ಹೊಟ್ಟೆ ಕಲಕಿಸಿಕೊಳ್ಳುವ ನಮ್ಮಂಥ ಪ್ರಶಿಕ್ಷಣಾರ್ಥಿಗಳು ಈ ಅಂಕಿಯನ್ನು ಎರಡು ಸಲ ಓದುತ್ತೇವೆ.

ಅಧ್ಯಾಪಕರು ನಡುವೆ ಕೈಬಿಡಲು ವಿದ್ಯಾರ್ಥಿಗಳೂ ಕಾರಣರಾಗುತ್ತಾರೆ. 2019ರಲ್ಲಿ ಹಾರ್ವರ್ಡ್‌ನಿಂದ ಬಂದ ಅಧ್ಯಯನದಲ್ಲಿ, ಸಕ್ರಿಯ ಕಲಿಕೆಯ ತರಗತಿಯವರು ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ತಡವರಿಸಿ ಯೋಚಿಸಿದವರಿಗೆ ತಾವು ದಡ್ಡರು ಅನ್ನಿಸುತ್ತದೆ. “ಸರ್, ಇದೆಲ್ಲ ಬೇಡ, ನೋಟ್ಸ್ ಕೊಡಿ” ಎಂಬ ಮಾತಿನ ಹಿಂದೆ ಬರೀ ಸೋಮಾರಿತನವಿದೆ ಎಂದು ತಿಳಿಯಬಾರದು. ಏಕೆ ಹೀಗೆ ಕಲಿಸುತ್ತಿದ್ದೇವೆ ಎಂದು ಮೊದಲ ವಾರವೇ ಬಿಡಿಸಿ ಹೇಳಿದರೆ ಈ ಪ್ರತಿರೋಧ ತಗ್ಗುತ್ತದೆ. ಇದನ್ನು ಹೇಳಿಕೊಡಲೂ ಪಕ್ಕದಲ್ಲಿ ಒಬ್ಬರು ಬೇಕು.

ಎರಡು ನಿಮಿಷಕ್ಕೊಂದು ಗುರುತು

ತಜ್ಞರನ್ನು ನೇಮಿಸುವ ಹಣ ನಮ್ಮ ಕಾಲೇಜುಗಳಲ್ಲಿಲ್ಲ. ಆದರೆ ಅವರು ಬಳಸಿದ ಒಂದು ಸಾಧನ ಹಾಳೆ, ಪೆನ್ನು, ಗಡಿಯಾರ ಇದ್ದರೆ ನಡೆಯುತ್ತದೆ. 2013ರಲ್ಲಿ ಮಿಶೆಲ್ ಸ್ಮಿತ್, ವೀಮನ್ ಮತ್ತಿತರರು ಪ್ರಕಟಿಸಿದ ಈ ವೀಕ್ಷಣಾ ಪಟ್ಟಿಗೆ ಇಂಗ್ಲಿಷಿನ ಮೊದಲಕ್ಷರಗಳಿಂದ ‘ಕೋಪಸ್’ ಎಂದು ಹೆಸರು. ವೀಕ್ಷಕರು ಪ್ರತಿ ಎರಡು ನಿಮಿಷಕ್ಕೊಮ್ಮೆ ಅಧ್ಯಾಪಕರು ಏನು ಮಾಡುತ್ತಿದ್ದಾರೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕುತ್ತಾರೆ: ವಿವರಿಸುವುದು, ಬೋರ್ಡಿನಲ್ಲಿ ಬರೆಯುವುದು, ಪ್ರಶ್ನೆ ಕೇಳುವುದು, ನಡುವೆ ಓಡಾಡುವುದು, ಕೇಳಿಸಿಕೊಳ್ಳುವುದು, ಉತ್ತರಿಸುವುದು, ಗುಂಪಿನಲ್ಲಿ ಚರ್ಚಿಸುವುದು. ಒಳ್ಳೆಯದು ಕೆಟ್ಟದ್ದು ಎಂಬ ಕಾಲಂ ಇಲ್ಲ. ವೀಕ್ಷಕರಿಗೆ ಒಂದೂವರೆ ಗಂಟೆಯ ತರಬೇತಿ ಸಾಕು ಎನ್ನುತ್ತಾರೆ ಅದನ್ನು ರೂಪಿಸಿದವರು. ನಮ್ಮ ಬೋಧನಾಭ್ಯಾಸದ ವೀಕ್ಷಣಾ ಪಟ್ಟಿಯಲ್ಲಿ ‘ಕಪ್ಪುಹಲಗೆಯ ಬಳಕೆ: ಅತ್ಯುತ್ತಮ, ಉತ್ತಮ, ಸಾಧಾರಣ’ ಎಂದಿರುತ್ತದೆ. ಎರಡರ ಸ್ವಭಾವವೇ ಬೇರೆ.

ನಾವು ಮೂವರು ಪ್ರಶಿಕ್ಷಣಾರ್ಥಿಗಳು ಈ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿ, ಒಪ್ಪಿದ ಒಬ್ಬ ಭೌತಶಾಸ್ತ್ರ ಉಪನ್ಯಾಸಕಿಯವರ ಮೊದಲ ವರ್ಷದ ತರಗತಿಯಲ್ಲಿ ಕೂತೆವು. ಇನ್ನೊಬ್ಬ ಉಪನ್ಯಾಸಕರು ಒಪ್ಪಲಿಲ್ಲ. ಪಠ್ಯಕ್ರಮ ಮುಗಿಸಬೇಕು, ನ್ಯಾಕ್ ಕಡತ ಮಾಡಬೇಕು, ಇದಕ್ಕೆಲ್ಲಿ ಸಮಯ ಎಂದರು. ಅವರ ಮಾತಿನಲ್ಲೂ ಹುರುಳಿದೆ: 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪ್ರತಿ ಸಲವೂ ಟಿಪ್ಪಣಿಗಳನ್ನು ಹೊಸದಾಗಿ ಮಾಡಿಕೊಳ್ಳಬೇಕು.

ತರಗತಿ ಮುಗಿದ ಮೇಲೆ ಮೇಡಂ ಹಾಳೆ ನೋಡುವ ಮೊದಲು ಕೇಳಿದ್ದು, “ಇದನ್ನ ಪ್ರಿನ್ಸಿಪಾಲರಿಗೆ ಕೊಡ್ತೀರೇನಮ್ಮ?”

“ಇಲ್ಲ ಮೇಡಂ, ಇದು ನಿಮಗೇ. ನಮ್ಮ ಹತ್ತಿರ ಪ್ರತಿಯೂ ಇರಲ್ಲ.”

ಆಮೇಲೆ ನೋಡಿದರು. ಅಧ್ಯಾಪಕರ ಕಡೆ ‘ಪ್ರಶ್ನೆ’ ಕಾಲಂನಲ್ಲಿ ಸಾಲುಸಾಲು ಗುರುತು, ಬಹುಪಾಲು “ಅರ್ಥ ಆಯ್ತಾ?” ಎಂಬುದೇ. ವಿದ್ಯಾರ್ಥಿಗಳ ಕಡೆ ‘ಉತ್ತರ’ ಕಾಲಂ ಹೆಚ್ಚು ಕಡಿಮೆ ಖಾಲಿ. ನಾವೇನೂ ಹೇಳಲಿಲ್ಲ. ವಾರಕ್ಕೆ ಒಂದು ಪ್ರಶ್ನೆಯಾದರೂ ಹಾಕಿ ನೋಡೋಣ, ಪ್ರಶ್ನೆ ನೀವೇ ತಯಾರಿಸಿಕೊಡಿ ಎಂದು ಅವರೇ ಅಂದರು.

ಮೊದಲ ಪ್ರಶ್ನೆ: ಬಾವಿಯಿಂದ ತುಂಬಿದ ಕೊಡವನ್ನು ಒಂದೇ ವೇಗದಲ್ಲಿ ಮೇಲಕ್ಕೆ ಸೇದುತ್ತಿದ್ದಾರೆ. ಹಗ್ಗದ ಎಳೆತ ಕೊಡದ ತೂಕಕ್ಕಿಂತ ಹೆಚ್ಚೋ, ಸಮವೋ, ಕಡಿಮೆಯೋ? ಕ್ಲಿಕ್ಕರ್ ಯಂತ್ರವೇನೂ ಬೇಕಾಗಲಿಲ್ಲ. ಯಂತ್ರದ ಬದಲು ಬಣ್ಣದ ಕಾರ್ಡು ಬಳಸಿದರೂ ಕಲಿಕೆಯಲ್ಲಿ ವ್ಯತ್ಯಾಸವಿಲ್ಲ ಎಂದು ನಥಾನಿಯಲ್ ಲಾಸ್ರಿ 2008ರಲ್ಲೇ ತೋರಿಸಿದ್ದಾರೆ. ನಮ್ಮವರು ಪಕ್ಕದವರಿಗೆ ಕಾಣದ ಹಾಗೆ ಎದೆಯ ಹತ್ತಿರ ಬೆರಳು ಹಿಡಿದರು. ಹೆಚ್ಚಿನವರದ್ದು ಒಂದು ಬೆರಳು, ಅಂದರೆ ‘ಹೆಚ್ಚು’.

ಆಮೇಲಿನ ಎರಡು ಮೂರು ನಿಮಿಷ ನಾನು ಕಿವಿಗೊಟ್ಟು ಕೂತಿದ್ದೆ. ಇಂಗ್ಲಿಷಿನಲ್ಲಿ ನಡೆಯುವ ತರಗತಿಯಲ್ಲಿ ವಾರಗಟ್ಟಲೆ ಬಾಯಿ ಬಿಡದವರು ಕನ್ನಡದಲ್ಲಿ ವಾದಿಸುತ್ತಿದ್ದರು. “ಜಾಸ್ತಿ ಎಳೀದೆ ಇದ್ರೆ ಮೇಲೆ ಬರೋದಾದ್ರೂ ಹೆಂಗೆ?” “ಶುರುನಾಗೆ ಜಾಸ್ತಿ ಕಣೇ, ಆಮೇಲೆ ಒಂದೇ ಸಮ ಬರ್ತಾ ಐತಲ್ಲ, ಆವಾಗ?” ಎರಡನೇ ಸಲ ಬೆರಳುಗಳು ಬದಲಾದವು, ಎಲ್ಲರದ್ದೂ ಅಲ್ಲ. ಮೇಡಂ ವಿವರಿಸುವಾಗ ಆ ಹುಡುಗಿಯ ಮಾತನ್ನೇ ಹಿಡಿದು, ವೇಗ ಬದಲಾಗದಿದ್ದರೆ ಒಟ್ಟು ಬಲ ಸೊನ್ನೆ, ಆದ್ದರಿಂದ ಎಳೆತ ತೂಕಕ್ಕೆ ಸಮ ಎಂದು ಮುಗಿಸಿದರು. ಕನ್ನಡ ಮಾಧ್ಯಮದಿಂದ ಬಂದವರು ತುಂಬಿರುವ ನಮ್ಮ ತರಗತಿಗಳಿಗೆ ಸಹಪಾಠಿ ಬೋಧನೆ ಬೇರೆಲ್ಲಿಗಿಂತ ಹೆಚ್ಚು ಒಗ್ಗುತ್ತದೆ ಎಂದು ನನಗೆ ಅನ್ನಿಸಿದ್ದು ಅವತ್ತು. ‘ಬಲ’ ಎಂದರೆ ಶಕ್ತಿ, ತಾಕತ್ತು ಎಂಬ ಮನೆಮಾತಿನ ಅರ್ಥ ಹೊರಗೆ ಬರುವುದು ಮನೆಮಾತಿನಲ್ಲಿ ಮಾತಾಡಿದಾಗಲೇ. ಇಂಗ್ಲಿಷಿನ ‘ಫೋರ್ಸ್’ ಬರೆದುಕೊಂಡರೆ ಅದು ಒಳಗೇ ಅಡಗಿ ಕೂರುತ್ತದೆ.

ಆಂತರಿಕ ಪರೀಕ್ಷೆಯ ಎರಡು ವಾರ ಪ್ರಶ್ನೆಗಳು ನಿಂತವು, ಮತ್ತೆ ಶುರುವಾದವು. ಇಂಥ ಕಡೆ ನೆನಪಿಸಲು ಯಾರೂ ಇಲ್ಲದಿದ್ದರೆ ನಿಂತದ್ದು ನಿಂತೇ ಹೋಗುತ್ತದೆ. ಹೆಂಡರ್ಸನ್ ಹೇಳಿದ ಮೂರರಲ್ಲಿ ಒಬ್ಬರು ಹಾಗೆ ಹೋದವರಿರಬಹುದು.

ಅತಿಥಿ ಉಪನ್ಯಾಸಕರ ವಿಷಯ ಇನ್ನೂ ಕಷ್ಟದ್ದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಪಾಲು ಅವರ ಮೇಲಿದೆ. ಈ ವರ್ಷ ಇದ್ದವರು ಮುಂದಿನ ವರ್ಷ ಇದೇ ಕಾಲೇಜಿನಲ್ಲಿರುತ್ತಾರೆ ಎಂಬ ಖಾತ್ರಿಯಿಲ್ಲ. ಒಬ್ಬ ವ್ಯಕ್ತಿಯನ್ನು ಬದಲಾಯಿಸಿದರೆ ಆ ಬದಲಾವಣೆ ಅವರ ಜೊತೆಗೇ ಹೊರಟುಹೋಗುತ್ತದೆ. ವೀಮನ್ ಇಡೀ ವಿಭಾಗವನ್ನು ಹಿಡಿದುಕೊಂಡದ್ದರ ಅರ್ಥ ನನಗೆ ಹೊಳೆದದ್ದು ಇಲ್ಲಿ. ಅಲ್ಲಿ ಕೋರ್ಸಿಗಾಗಿ ತಯಾರಿಸಿದ ಪ್ರಶ್ನೆ, ಚಟುವಟಿಕೆಗಳನ್ನು ಮುಂದೆ ಬರುವ ಅಧ್ಯಾಪಕರಿಗೆಂದು ಕಾದಿಡುತ್ತಿದ್ದರು.

ಹಾಗಾಗಿ ನಾವೂ ಪ್ರಶ್ನೆಗಳನ್ನು ಬಿಡಿಹಾಳೆಯಲ್ಲಿ ಕೊಡುವುದನ್ನು ಬಿಟ್ಟು ಒಂದು ಉದ್ದನೆಯ ನೋಟ್‌ಬುಕ್ಕಿಗೆ ಬರೆದು ವಿಭಾಗದ ಕಪಾಟಿನಲ್ಲಿ ಇಟ್ಟಿದ್ದೇವೆ. ಎಡಪುಟದಲ್ಲಿ ಪ್ರಶ್ನೆ ಮತ್ತು ಆಯ್ಕೆಗಳು. ಬಲಪುಟದಲ್ಲಿ ವಿದ್ಯಾರ್ಥಿಗಳು ತಪ್ಪು ಉತ್ತರಕ್ಕೆ ಕೊಟ್ಟ ಕಾರಣಗಳು, ಅವರದೇ ಮಾತಿನಲ್ಲಿ. ಸದ್ಯ ಹನ್ನೊಂದು ಪ್ರಶ್ನೆಗಳಿವೆ, ಎಲ್ಲವೂ ಯಂತ್ರಶಾಸ್ತ್ರದವು. ಮುಂದಿನ ಸೆಮಿಸ್ಟರಿನ ವಿದ್ಯುತ್ತಿನ ಘಟಕಕ್ಕೆ ಬೇರೆ ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಪ್ರಶ್ನೆ ಕಳಿಸಿದರೆ ಸೇರಿಸಿಕೊಳ್ಳುತ್ತೇವೆ. ಬಲಪುಟದ ಸಾಲುಗಳೂ ಇರಬೇಕು.